ಅವರಜ್ಜಿಯ ಸಬ್ಬಸಗಿ

ಅಮೆರಿಕ ನೋಡಿ ಬಂದವಳು ಮುಗಿಲು ಮುಟ್ಟುವ ಕಟ್ಟಡಗಳ ಸುದ್ದಿ ಹೇಳಲಿ ಎಂದು ಜೇವರ್ಗಿಯ ನಮ್ಮ ಓಣಿಯವರು ಕಾದಿದ್ದರು. ಅವರಿಗೆ ನಿರಾಸೆಯಾಯಿತು. ನಾನಿದ್ದ ಊರಿನಲ್ಲಿ ಎತ್ತರದ್ದೆಂದರೆ ಮೆಕ್ಕೆಜೋಳ ತುಂಬುವ ತಗಡಿನ ಕಣಜ, ಅದು ಬಿಟ್ಟರೆ ಚರ್ಚಿನ ಶಿಖರ. ನಾನು ಹೋದದ್ದು ದೇಶ ನೋಡುವುದಕ್ಕಲ್ಲ, ತಂಗಿ ಶಕ್ಕುವಿನ ಬಾಣಂತನಕ್ಕೆ. ಅವಳ ಗಂಡ ಬಸವರಾಜ ಅಲ್ಲಿ ಡಾಕ್ಟರು. ನಮ್ಮವ್ವ ಇಲ್ಲ, ಅವಳ ಅತ್ತೆಗೆ ಅಫಜಲಪುರದ ಮನೆಯ ಹೊಸ್ತಿಲು ದಾಟಿದರೆ ಮೊಣಕಾಲು ಹಿಡಿಯುತ್ತದೆ. ಹೀಗಾಗಿ ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಗುಲಬರ್ಗಾದ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನು ಟ್ರಂಕಿನ ತಳದಿಂದ ತೆಗೆದು ಝಾಡಿಸಿಕೊಂಡು ನಾನು ವಿಮಾನ ಹತ್ತಿದೆ. ಹೋಗುವಾಗ ಹೆದರಿಕೆ ಇತ್ತು, ಬರುವಾಗ ಸಿಟ್ಟು. ಹೆದರಿಕೆ ಮರೆತುಹೋಗಿದೆ.

ಇಳಿದ ತಕ್ಷಣ

ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆ ಮಾಡುವವನ ಹುಬ್ಬು ಕೂಡ ಬೆಳ್ಳಗಿತ್ತು. ಜೋಳದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದ, ಬಿಟ್ಟ. ಅಂಟಿನುಂಡಿಯನ್ನು ಮೂಗಿನ ಹತ್ತಿರ ಹಿಡಿದು, ಇದು ತಿನ್ನುವುದೋ ಬಾಗಿಲಿಗೆ ಹಚ್ಚುವುದೋ ಎಂಬಂತೆ ನನ್ನ ಮುಖ ನೋಡಿದ, ಅದನ್ನೂ ಬಿಟ್ಟ. ಸಬ್ಬಸಗಿ ಬೀಜದ ಪೊಟ್ಟಣ ಮಾತ್ರ ಬಿಡಲಿಲ್ಲ. ಬಾಣಂತಿಗೆ ಬೇಕು, ಹಾಲು ಇಳಿಯುತ್ತದೆ, ವಾಯು ಹೋಗುತ್ತದೆ ಎಂದು ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಖರ್ಚು ಮಾಡಿದೆ.

"ಹೊರಗಿನ ಬೀಜ ಮೇಡಂ. ಇಲ್ಲಿಯ ನೆಲ ಕೆಡುತ್ತದೆ" ಎಂದು ಬಹಳ ಮರ್ಯಾದೆಯಿಂದ ಹೇಳಿ ಡಬ್ಬಿಗೆ ಹಾಕಿದ.

ಆಗ ನನಗೆ ಆದದ್ದು ಬೇಜಾರು ಮಾತ್ರ. ಹೊರಗಿನಿಂದ ಬಂದು ಆ ನೆಲದಲ್ಲಿ ಏನೇನು ಬೇರುಬಿಟ್ಟಿದೆ ಎನ್ನುವುದು ನನಗಿನ್ನೂ ಗೊತ್ತಿರಲಿಲ್ಲ.

ಶೆಗಡಿ

ಹೆರಿಗೆಯಾಗಿ ನಾಲ್ಕು ದಿನಕ್ಕೆ ಶಕ್ಕು ಜೀನ್ಸು ಹಾಕಿಕೊಂಡು ಅಂಗಳದಲ್ಲಿ ನಿಂತದ್ದು ನೋಡಿ ಕೈ ಹಿಡಿದು ಒಳಗೆ ಎಳೆದುಕೊಂಡು ಬಂದೆ. ಗರಾಜಿನಲ್ಲಿ ಮಾಂಸ ಸುಡುವ ಇದ್ದಲಿನ ಚೀಲವೊಂದಿತ್ತು. ಶರಣರ ಮನೆಯಲ್ಲಿ ಅದು ಯಾಕಿತ್ತು ಎಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಹಳೆಯ ಕಬ್ಬಿಣದ ಬೋಗುಣಿಯಲ್ಲಿ ಇದ್ದಲು ತುಂಬಿ ಹಿತ್ತಲಲ್ಲಿ ಕೆಂಡ ಮಾಡಿಕೊಂಡು, ಅಜವಾನ ಉದುರಿಸಿ, ತಂಗಿಯ ಮಂಚದ ಕೆಳಗಿಟ್ಟೆ. ನಮ್ಮ ಕಡೆ ಹೊರಸಿನ ಕೆಳಗೆ ಶೆಗಡಿ ಇಟ್ಟು ಬಾಣಂತಿಯ ಬೆನ್ನು ಕಾಯಿಸುವುದಿಲ್ಲವೇ, ಹಾಗೆ.

"ಅಕ್ಕಾ, ಬ್ಯಾಡ ಬೇ, ಇಲ್ಲಿ ಹಿಂಗೆಲ್ಲ ಮಾಡಂಗಿಲ್ಲ."

"ಇಲ್ಲಿ ಬಾಣಂತ್ಯಾರ ಬೆನ್ನು ಕಬ್ಬಿಣದ್ದೇನು? ಸುಮ್ಮ ಮಲಕೋ."

ಅವಳು ಮಲಗುವುದಕ್ಕೂ ಮಾಳಿಗೆಗೆ ಬಡಿದಿದ್ದ ಗಂಟೆಯೊಂದು ಹುಚ್ಚು ಹಿಡಿದಂತೆ ಕೂಗುವುದಕ್ಕೂ ಸರಿಹೋಯಿತು. ಹೊಗೆ ಕಂಡರೆ ಅರಚುವ ಯಂತ್ರವಂತೆ. ಸ್ವಲ್ಪ ಹೊತ್ತಿಗೆ ಕೆಂಪು ದೀಪ ಮಿನುಗಿಸುತ್ತ ಬೆಂಕಿ ಆರಿಸುವ ಗಾಡಿಯೂ ಬಂತು. ಹಳದಿ ಕೋಟಿನ ಭಾರಿ ಎತ್ತರದ ಇಬ್ಬರು ನನ್ನ ಶೆಗಡಿಯನ್ನು ಬಾಂಬಿನಂತೆ ಎತ್ತಿಕೊಂಡು ಹೋಗಿ ಹುಲ್ಲಿನ ಮೇಲಿಟ್ಟು ನೀರು ಸುರಿದರು. ಓಣಿಗೆ ಓಣಿಯೇ ಬಂದು ನಿಂತಿತ್ತು. ಯಾರೂ ನಗಲಿಲ್ಲ, ಬೈಯಲಿಲ್ಲ. ಪಕ್ಕದ ಮನೆಯ ಇಂಗ್ರಿಡ್ ಅಜ್ಜಿ, ಎಪ್ಪತ್ತು ದಾಟಿದ, ಇಸ್ತ್ರಿ ಮಾಡಿದಂಥ ಮುಖದ ಹೆಂಗಸು, ನನ್ನ ಭುಜ ಸವರಿ ಒಳಗೆ ಹೋಗಿ, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯ ಬಟ್ಟಲು ತಂದುಕೊಟ್ಟಳು.

ನಕ್ಕವಳು ಒಬ್ಬಳೇ. ಗುಂಪಿನ ಹಿಂದೆ ಗಿಡ್ಡನೆಯ ಹೆಂಗಸೊಬ್ಬಳು ಬಾಯಿಗೆ ಕೈ ಅಡ್ಡಹಿಡಿದು ನಗುತ್ತಿದ್ದಳು. ನನ್ನ ಕಣ್ಣಿಗೆ ಕಣ್ಣು ಸಿಕ್ಕಾಗ ಒದ್ದೆ ಕೆಂಡ ತೋರಿಸಿ, ತನ್ನ ಸೊಂಟ ಮುಟ್ಟಿಕೊಂಡು, ತಲೆಯಾಡಿಸಿದಳು. ಗೊತ್ತಿದೆ, ನನಗೆಲ್ಲ ಗೊತ್ತಿದೆ ಎಂಬಂತೆ.

ಮರುದಿನ ಮುಂಜಾನೆ ಅವಳೇ ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಸೊಪ್ಪಿನ ಕಟ್ಟು. ಬಿಚ್ಚುವ ಮೊದಲೇ ವಾಸನೆ ಬಂತು. ಸಬ್ಬಸಗಿ! ನಮ್ಮ ಮಂಗಳವಾರ ಸಂತೆಯ ವಾಸನೆ ಆ ದೇಶದ ಅಡುಗೆಮನೆಯಲ್ಲಿ ಬಂದು ನಿಂತಾಗ ನನಗೆ ಅಳು ತಡೆಯಲಾಗಲಿಲ್ಲ.

ರೈಲು ಹಳಿಯ ಪಕ್ಕ

ಅವಳ ಹೆಸರು ಚಾಂತಿ. ಲಾವೋಸ್ ದೇಶದವಳು. ಅವರಲ್ಲೂ ಬಾಣಂತಿಯನ್ನು ಕೆಂಡದ ಪಕ್ಕ ಮಲಗಿಸುತ್ತಾರಂತೆ. ಕಾನ್ವೆಂಟಿನ ಭೂಪಟದಲ್ಲಿ ಆ ದೇಶಕ್ಕೆ ಹಸಿರು ಪೆನ್ಸಿಲು ತಿಕ್ಕಿದ್ದು ಬಿಟ್ಟರೆ ನನಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. ಯುದ್ಧ ಮುಗಿದು ಆಳುವವರು ಬದಲಾದ ಮೇಲೆ ಸಾವಿರಾರು ಜನ ನದಿ ದಾಟಿ ಓಡಿದರು. ಗಡಿಯಾಚೆಯ ಶಿಬಿರಗಳಲ್ಲಿ ವರ್ಷಗಟ್ಟಲೆ ಕೂತರು. ಕೆಲವರನ್ನು ಅಮೆರಿಕದ ಚರ್ಚುಗಳು ಕರೆತಂದವು. ಚಾಂತಿ ದಾಟಿದಳು, ಅವಳ ಗಂಡ ದಾಟಲಿಲ್ಲ. ಅವಳೂ ಮಗಳೂ ಊರಿನ ಅವಳ ಜನರೆಲ್ಲರೂ ಟರ್ಕಿ ಕೋಳಿ ಕತ್ತರಿಸುವ ಕಾರ್ಖಾನೆಯ ಹಿಂದಿನ ಬಾಡಿಗೆ ಮನೆಗಳ ನೆಲಮಾಳಿಗೆಗಳಲ್ಲಿದ್ದರು.

ಅವಳ ಇಂಗ್ಲಿಷು ತುಂಡು ತುಂಡು, ನನ್ನದು ಗಂಜಿ ಹಾಕಿದ್ದು. ಆದರೂ ನನ್ನ ಕಿವಿಗೆ ಅವಳು ನಮ್ಮ ಕಡೆಯವಳಂತೆಯೇ ಕೇಳಿಸುತ್ತಿದ್ದಳು, ಹಾಗೆಯೇ ಬರೆಯುತ್ತೇನೆ.

"ಎಷ್ಟ ಬಟ್ಟಿ ಬೇ ನಿನ್ನ ಮೈಮ್ಯಾಲ! ಇದರಾಗ ನಾ ಮೂರು ಮಂದಿಗೆ ಅಂಗಿ ಹೊಲಿತಿದ್ದೆ" ಎಂದು ನನ್ನ ಇಳಕಲ್ ಸೀರೆಯ ಸೆರಗು ಹಿಡಿದು ಅಳೆದಳು.

"ಕಾರ್ಖಾನ್ಯಾಗ ಏನ ಕೆಲಸ ನಿಂದು?"

"ಎಡಕಿನ ರೆಕ್ಕಿ ಕತ್ತರಸೂದು."

"ಬಲಕಿಂದು?"

"ಅದು ನನ್ನ ನಾದಿನಿದು. ಆಕಿ ಆ ಕಡೆ ನಿಂದರ್ತಾಳ. ಇಡೀ ಹಕ್ಕಿ ನಾವಿಬ್ಬರೂ ನೋಡೇ ಇಲ್ಲ!"

ನಕ್ಕಳು, ನಾನೂ ನಕ್ಕೆ. ಆಮೇಲೆ ಅವಳ ಬೆರಳು ನೋಡಿದೆ. ಮುಂಜಾನೆ ಅವು ಮಡಚುತ್ತಿರಲಿಲ್ಲ. ಚಹಾದ ಕಪ್ಪನ್ನು ಎರಡೂ ಅಂಗೈ ನಡುವೆ, ಕೂಸಿನ ಮುಖ ಹಿಡಿದಂತೆ ಹಿಡಿಯುತ್ತಿದ್ದಳು.

ತಂಗಿಯ ಹಿತ್ತಲಿಗೂ ರೈಲು ಹಳಿಗೂ ನಡುವೆ ಚರ್ಚಿಗೆ ಸೇರಿದ ಉದ್ದನೆಯ ಪಟ್ಟಿಯೊಂದಿತ್ತು. ಕಲ್ಲು, ಗಾಜಿನ ಚೂರು ತುಂಬಿ ಯಾರಿಗೂ ಬೇಡವಾಗಿದ್ದ ನೆಲ. ಚಾಂತಿ ಬಂದ ವರ್ಷವೇ ಪಾದ್ರಿಯವರನ್ನು ಕೇಳಿ ಹಸನು ಮಾಡಿದ್ದಳು. ಏಳು ವರ್ಷ ಆಗಿತ್ತಂತೆ. ಮೊಳದುದ್ದದ ಅಲಸಂದಿ, ಗುಂಡು ಬದನೆ, ಮೆಣಸಿನಕಾಯಿ, ಕೊತ್ತಂಬರಿ, ಮಧ್ಯದಲ್ಲಿ ಎರಡು ಸಾಲು ಸಬ್ಬಸಗಿ. ಅಲ್ಲಿ ಮೊಣಕಾಲೂರಿ ಕೂತರೆ ಅವಳ ಬೆರಳು ತಾವಾಗಿಯೇ ಸಡಿಲಾಗುತ್ತಿದ್ದವು. ಬಾಡಿಗೆಯದಲ್ಲದ, ಕಾರ್ಖಾನೆಯದಲ್ಲದ, ನನ್ನದು ಎಂದು ಅವಳು ಹೇಳುತ್ತಿದ್ದುದು ಆ ಊರಿನಲ್ಲಿ ಅದೊಂದೇ.

ಅವಳ ಜೊತೆ ಕಳೆ ಕೀಳುತ್ತ ನಾನು ನಿಂಬರ್ಗಾದ ನಮ್ಮ ತವರಿನ ಹೊಲದ ಕಥೆ ಹೇಳುತ್ತಿದ್ದೆ. ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ನಮ್ಮಪ್ಪ ಸಬ್ಬಸಗಿ, ಕೊತ್ತಂಬರಿ ಹಾಕಿಸುತ್ತಿದ್ದ. ಕಳೆ ತೆಗೆಯಲು ಬರುವ ಹೆಂಗಸರು, ಅವರ ಮುಂದಾಳು ನಿಂಗವ್ವ, ಸಂಜೆಗೆ ಸೆರಗನ್ನು ಉಡಿ ಮಾಡಿ ಸೊಪ್ಪು ತುಂಬಿಕೊಂಡು ಹೋಗುವರು. ಬೇರೆ ಎಲ್ಲದರಲ್ಲಿ ಕಡ್ಡಿ ಮುರಿದು ಲೆಕ್ಕ ಹಾಕುವ ಅಪ್ಪ ಆಗ ಮಾತ್ರ ಆ ಕಡೆ ಮುಖ ತಿರುಗಿಸುತ್ತಿದ್ದ. "ಕಳೆ ತಗದಾಕಿ ಉಡಿ ನೋಡಬಾರ್ದು" ಎನ್ನುವನು.

"ಚಲೋ ಮನಶ್ಯಾ ನಿಮ್ಮಪ್ಪ" ಅಂದಳು ಚಾಂತಿ. ನನಗೆ ಹೆಮ್ಮೆಯಾಯಿತು.

ಇಂಗ್ರಿಡ್ ಅಜ್ಜಿಯ ಗೋಡೆ

ಇಂಗ್ರಿಡ್ ಅಜ್ಜಿ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸಿಟ್ಟಿನಲ್ಲಿ ಮರೆಯಬಹುದು. ಕೂಸಿಗೆ ಕಾಲುಚೀಲ ಹೆಣೆದುಕೊಟ್ಟಳು. ನನ್ನನ್ನು ಕಾಫಿಗೆ ಕರೆದು ಗೋಡೆಯ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಪರಿಚಯ ಮಾಡಿಸಿದಳು. ಅವಳ ಅಜ್ಜ ನಾರ್ವೆಯಿಂದ ಬಂದವನು, ಗಡ್ಡದವನು, ನೂರಾರು ಎಕರೆ ಮಾಡಿದವನು. ಅವನ ಹೆಸರಿನ ರಸ್ತೆಯಿದೆ. ಮಗ ಬ್ಯಾಂಕು ತೆರೆದ. ಮೊಮ್ಮಕ್ಕಳಲ್ಲಿ ಒಬ್ಬ ವಕೀಲ, ಒಬ್ಬ ಕೋಳಿ ಕಾರ್ಖಾನೆಯ ಪಾಲುದಾರ, ಒಬ್ಬಳು ಶಾಲೆಯ ಮುಖ್ಯಾಧ್ಯಾಪಕಿ.

"ಬರಿಗೈಯಲ್ಲಿ ಬಂದ, ಗೊತ್ತೇ? ಒಂದು ಪೆಟ್ಟಿಗೆ, ಒಂದು ಕೊಡಲಿ."

"ಮತ್ತೆ ಇಷ್ಟು ಜಮೀನು?"

"ಆಗ ಸರ್ಕಾರ ಕೊಡುತ್ತಿತ್ತು. ಐದು ವರ್ಷ ಅಲ್ಲೇ ಇದ್ದು ಉತ್ತು ಬಿತ್ತಿದರೆ ಸಾಕು, ನಿಮ್ಮದೇ."

ನಾನು ಕಪ್ಪು ಕೆಳಗಿಟ್ಟೆ. ಜಮೀನು! ಕೇಳಿದವರಿಗೆ! ನಮ್ಮ ಆಳಂದ ತಾಲೂಕಿನಲ್ಲಿ ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಮೂರು ತಲೆಮಾರು ಕೋರ್ಟು ಹತ್ತುತ್ತಾರೆ.

ತನ್ನ ಅಜ್ಜಿಯ ಚಿತ್ರವನ್ನೂ ತೋರಿಸಿದಳು. ಸಾಯುವವರೆಗೆ ಆಕೆ ಇಂಗ್ಲಿಷು ಕಲಿಯಲೇ ಇಲ್ಲವಂತೆ. "ಎಂಥ ಸ್ವಾಭಿಮಾನ ನೋಡಿ!" ಎಂದು ಇಂಗ್ರಿಡ್ ನಕ್ಕಳು. ಅದೇ ಉಸಿರಿನಲ್ಲಿ, "ಈ ಲಾವೋಸಿನವರದೇ ನಮಗೆ ಚಿಂತೆ. ಇಷ್ಟು ವರ್ಷವಾದರೂ ಇಂಗ್ಲಿಷು ಬರುವುದಿಲ್ಲ, ಬಾಡಿಗೆ ಮನೆ ಬಿಟ್ಟಿಲ್ಲ. ನಮ್ಮವರ ಹಾಗೆ ಮೇಲೆ ಬರಬೇಕೆಂಬ ಛಲ ಬೇಕಲ್ಲವೇ?" ಅಂದಳು.

ತನ್ನ ಅಜ್ಜಿ ಕಲಿಯದಿದ್ದರೆ ಸ್ವಾಭಿಮಾನ, ಚಾಂತಿ ಕಲಿಯದಿದ್ದರೆ ಸೋಮಾರಿತನ. ಚಾಂತಿಯ ಮಗಳು ಗಣಿತದಲ್ಲಿ ಹುಲಿ. ಆ ಹುಡುಗಿಯನ್ನು ಶಾಲೆಯಲ್ಲಿ ಅಡುಗೆ, ಹೊಲಿಗೆಯ ತರಗತಿಗೆ ಹಾಕಿದ್ದರು, "ಅವರಿಗೆ ಕಾರ್ಖಾನೆಯಲ್ಲಿ ಅನುಕೂಲವಾಗಲಿ" ಎಂದು. ಕಾನ್ವೆಂಟಿನ ಸಿಸ್ಟರು ಕಲಿಸಿದಂತೆ ನಾನು ಸಿಟ್ಟು ಬಂದಾಗ ನಾಲಿಗೆಯನ್ನು ಹಲ್ಲಿನ ಹಿಂದೆ ಇಟ್ಟುಕೊಂಡು ಕೂತೆ. ಅವತ್ತು ಕೂತೆ, ಅಷ್ಟೇ.

ಚರ್ಚಿನ ಕಾಫಿ

ಊರು ಹುಟ್ಟಿ ನೂರು ವರ್ಷವಾಗಿತ್ತು. ಅದರ ಹಬ್ಬಕ್ಕೆ, ಮೊದಲು ಬಂದವರು ಕಟ್ಟಿಕೊಂಡಿದ್ದಂಥ ಮರದ ದಿಮ್ಮಿಯ ಗುಡಿಸಲೊಂದನ್ನು ಹೊಸದಾಗಿ ನಿಲ್ಲಿಸಬೇಕೆಂದು ಸಮಿತಿ ಗೊತ್ತುಮಾಡಿತು. ಎಲ್ಲಿ? ರೈಲು ಹಳಿಯ ಪಕ್ಕದ ಪಟ್ಟಿಯಲ್ಲಿ. ಅಷ್ಟು ಹಸನಾದ ನೆಲ ಮತ್ತೆಲ್ಲೂ ಇರಲಿಲ್ಲ!

ಚಾಂತಿಯನ್ನು ಚರ್ಚಿನ ನೆಲಮಾಳಿಗೆಗೆ ಕರೆಸಿದರು. ಭಾರತದ ಅತಿಥಿ ಎಂದು ಇಂಗ್ರಿಡ್ ನನ್ನನ್ನೂ ಕರೆದೊಯ್ದಳು. ಕಾಫಿ ಇತ್ತು, ಬಿಸ್ಕತ್ತಿತ್ತು, ಎಲ್ಲರ ಮುಖದಲ್ಲಿ ನಗೆಯಿತ್ತು. ಸಮಿತಿಯ ಅಧ್ಯಕ್ಷರು ಇಂಗ್ರಿಡ್ ಮನೆತನದ ಬ್ಯಾಂಕಿನವರು.

"ಸಾಲುಗಳನ್ನು ತೆಗೆದು ಹುಲ್ಲು ಹಾಕುತ್ತೇವೆ. ಆದರೆ ಸಬ್ಬಸಗಿ ಇರಲಿ. ನಮ್ಮ ಅಜ್ಜಿಯಂದಿರು ಬರುವಾಗ ಅದರ ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದರು. ಗುಡಿಸಲಿನ ಮುಂದೆ ಚೆನ್ನಾಗಿ ಕಾಣುತ್ತದೆ. ಈಕೆ ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಮುಂದೆಯೂ ನೀರು ಹಾಕಿಕೊಂಡಿರಲಿ."

ನಾನು ಎದ್ದು ನಿಂತೆ. ಕಾನ್ವೆಂಟಿನಲ್ಲಿ ಪದ್ಯ ಒಪ್ಪಿಸುವಾಗ ನಿಲ್ಲುತ್ತಿದ್ದಂತೆ, ಕೈ ಹಿಂದೆ ಕಟ್ಟಿಕೊಂಡು.

"ಸರ್, ನಿಮ್ಮ ತಾತನಿಗೆ ಜಮೀನು ಹೇಗೆ ಸಿಕ್ಕಿತು?"

"ಐದು ವರ್ಷ ದುಡಿದರು, ಮೇಡಂ."

"ಈಕೆ ಏಳು ವರ್ಷ ದುಡಿದಿದ್ದಾಳೆ. ನಿಮ್ಮ ತಾತನ ಕಾಯಿದೆಯ ಪ್ರಕಾರ ಈ ಪಟ್ಟಿ ಈಕೆಯದಾಗಿ ಎರಡು ವರ್ಷವಾಯಿತು."

ಯಾರೋ ಚಮಚ ಕೆಳಗಿಟ್ಟರು. ಅಧ್ಯಕ್ಷರು ನಕ್ಕರು. "ತುಂಬ ಆಸಕ್ತಿಕರವಾದ ಮಾತು. ಇನ್ನಷ್ಟು ಕಾಫಿ?"

"ನಿಮ್ಮ ತಾತನಿಗಿಂತ ಮೊದಲು ಆ ಜಮೀನು ಯಾರದಿತ್ತು?" ಎಂದೂ ಕೇಳಿದೆ.

ಕಾಫಿ ಬಂತು. ಬಿಸ್ಕತ್ತೂ ಬಂತು. ನಮ್ಮಲ್ಲಿ ಇಂಥ ಮಾತಿಗೆ ಪಂಚರು ಎದ್ದು ಕೂಗಾಡುತ್ತಾರೆ, ಮೀಸೆ ಕುಣಿಸುತ್ತಾರೆ. ಕೂಗಾಟದ ಕೊನೆಗೆ ಏನಾದರೊಂದು ಅಲ್ಲಾಡುತ್ತದೆ. ಇಲ್ಲಿ ನನ್ನ ಮಾತು ಬೆಣ್ಣೆಯಲ್ಲಿ ಬಿದ್ದ ಕಲ್ಲಿನಂತೆ ಸದ್ದಿಲ್ಲದೆ ಒಳಗೆ ಹೋಗಿಬಿಟ್ಟಿತು. ಚಾಂತಿ ಎದ್ದು "ಥ್ಯಾಂಕ್ಯೂ" ಅಂದಳು.

ಹೊರಗೆ ಬಂದು ನಾನು ಅವಳ ಮೇಲೆಯೇ ಹರಿಹಾಯ್ದೆ. "ಥ್ಯಾಂಕ್ಯೂ ಯಾಕ ಅಂದಿ ಬೇ? ಹೊಲ ಕಸಗೊಂಡದ್ದಕ್ಕ?"

"ಕಾರ್ಖಾನಿ ಮಾಲಕ ಅಲ್ಲೇ ಕುಂತಿದ್ದ, ನೋಡಲಿಲ್ಲೇನು? ನೀ ವಿಮಾನ ಹತ್ತಿ ಹೋಗಾಕಿ. ನಾ ಸೋಮವಾರ ರೆಕ್ಕಿ ಕತ್ತರಸಾಕ ಹೋಗಾಕಿ."

ತಂಗಿಯ ಅಡುಗೆಮನೆ

ನನ್ನ ಭಾಷಣದ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಬಸವರಾಜ ರೊಟ್ಟಿ ಮುರಿಯದೆ ಕೂತಿದ್ದರು.

"ಅಕ್ಕಾರ, ಈ ಊರಾಗ ನಾ ದವಾಖಾನಿ ನಡಸಾಕತ್ತೇನ್ರಿ. ಅವ್ರೆಲ್ಲಾ ನನ್ನ ಪೇಶಂಟು. ಆ ಹಿರ್ಯಾರು ಬಂದಾಗ ಕೈಯಾಗ ಏನಿತ್ತು? ಕಾಯಕ ಮಾಡಿದ್ರು, ಮ್ಯಾಲ ಬಂದ್ರು. ನಾವೂ ಹೊರಗಿನವ್ರೇ, ನಾವೂ ಬಂದೇವಿ. ಇವ್ರಿಗೆ ಯಾಕ ಆಗವಲ್ದು?"

"ಡಾಕ್ಟರ್ರಾ, ನೀವು ಬಂದದ್ದು ನಮ್ಮ ಸರ್ಕಾರ ಕಲಿಸಿದ ಡಿಗ್ರಿ ಹಿಡಕೊಂಡು, ವಿಮಾನದಾಗ. ಆಕಿ ಬಂದದ್ದು ಹೊಳಿ ಈಸಿ, ಗಂಡನ್ನ ನೀರಾಗ ಬಿಟ್ಟು. ಅವ್ರ ಅಜ್ಜಗ ಹೊಲ ಕೊಟ್ರು, ನಿಮಗ ದವಾಖಾನಿ ಕೊಟ್ರು, ಆಕಿಗೆ ಎಡಕಿನ ರೆಕ್ಕಿ ಕೊಟ್ರು. ಕಾಯಕ ಮೂವರೂ ಮಾಡ್ಯಾರ. ಕೈಗೆ ಕೊಟ್ಟದ್ದು ಒಂದೇ ಇತ್ತೇನು?"

"ಅಕ್ಕಾ, ಸಾಕು ಮಾಡು ಬೇ" ಎಂದು ಶಕ್ಕು ಕೂಸಿನ ನೆಪದಲ್ಲಿ ಎದ್ದುಹೋದಳು. ಬಸವರಾಜ ತಾಟು ಹತ್ತಿರ ಎಳೆದುಕೊಂಡು ರೊಟ್ಟಿ ಮುರಿದರು. ಒಪ್ಪಲಿಲ್ಲ.

ವಾರದಲ್ಲಿ ಅಲಸಂದಿ ಬಳ್ಳಿ ಹೋದವು, ಬದನೆ ಹೋದವು, ಇನ್ನೂ ಹಸಿರಿದ್ದ ಮೆಣಸಿನಗಿಡ ಬೇರುಸಮೇತ ಹೋದವು. ಗುಡಿಸಲು ಎದ್ದಿತು. ಸಬ್ಬಸಗಿಯ ಮುಂದೆ ಚಂದದ ಅಕ್ಷರದ ಬೋರ್ಡು ನಿಂತಿತು: "ಮೊದಲ ನಿವಾಸಿಗಳ ಅಜ್ಜಿಯ ಕೈತೋಟ."

ಹಬ್ಬದ ಹಿಂದಿನ ದಿನ ಚಾಂತಿ ನಮ್ಮ ಅಡುಗೆಮನೆಗೆ ಒಂದು ಗಂಟು ತಂದಳು. ಬಿಳಿ ನಿರಿಗೆಯ ಕುಲಾವಿ, ಉದ್ದನೆಯ ಏಪ್ರನ್. ಹಳೆಯ ಕಾಲದ ವೇಷ ಹಾಕಿಕೊಂಡು ಸಾಲಿಗೆ ನೀರು ಹಾಕುತ್ತ ನಿಂತರೆ ಬಂದವರಿಗೆ ಸಂತೋಷವಾಗುತ್ತದೆ ಎಂದು ಸಮಿತಿ ಕಳಿಸಿತ್ತು. ಅವಳು ಕುಲಾವಿ ಹಾಕಿಕೊಂಡು ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡಳು. ಮೂವರೂ ನಕ್ಕೆವು. ಶಕ್ಕು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿದವಳು ಚಾಂತಿ.

"ಇದನ್ನ ಹಾಕ್ಕೊಂಡು ನಾ ಅವ್ರಜ್ಜಿ ಆಗ್ಬೇಕಂತ. ನಾ ಕಟ್ಟಿಕೊಂಡು ಬಂದ ಈ ಬೀಜ ನಮ್ಮಜ್ಜಿದು. ನಮ್ಮಜ್ಜಿ ಏನಾಗ್ಬೇಕು?"

ಹಬ್ಬದ ಬೆಳಗು

ಮುಂಜಾನೆ ಹಿತ್ತಲ ಕಿಟಕಿಯಿಂದ ನೋಡಿದೆ. ಚಾಂತಿ ಸಾಲಿನಲ್ಲಿ ಕೂತಿದ್ದಳು, ಬರಿದಲೆಯಲ್ಲಿ. ಸಬ್ಬಸಗಿ ಕೀಳುತ್ತಿದ್ದಳು. ಅವಸರವಿಲ್ಲ, ಸಿಟ್ಟಿಲ್ಲ, ಮಣ್ಣು ಕೊಡವಿ ಕೊಡವಿ ಪಕ್ಕಕ್ಕಿಡುತ್ತಿದ್ದಳು.

ಬಸವರಾಜರ ಬೂಟು ಏರಿಸಿಕೊಂಡು ನಾನು ಇಳಿದುಹೋದೆ.

"ಬಲತದ" ಅಂದಳು ತಲೆ ಎತ್ತದೆ. "ಬಲತ ಸೊಪ್ಪು ಕೀಳಾಕ ಯಾರ ಅಪ್ಪಣಿ ಬೇಕು?"

ನಾನೂ ಕೂತೆ. ಜೀವಮಾನದಲ್ಲಿ ಶಾಲೆಯ ಗಂಟೆಯ ಮಾತು ಕೂಡ ಮೀರದವಳು ನಾನು. ಸೆರಗು ಸೊಂಟಕ್ಕೆ ಸಿಕ್ಕಿಸಿ ಉಡಿ ಮಾಡಿಕೊಂಡು ತುಂಬತೊಡಗಿದೆ. ಅಷ್ಟರಲ್ಲಿ ಇಂಗ್ರಿಡ್ ಅಜ್ಜಿ ಗುಡಿಸಲಿಗೆ ಇಡಲು ಹಳೆಯ ಲಾಟೀನು ಹಿಡಿದುಕೊಂಡು ಬಂದಳು. ಬರಿದಾದ ಸಾಲು ನೋಡಿದಳು, ಬೋರ್ಡು ನೋಡಿದಳು, ನಮ್ಮಿಬ್ಬರನ್ನು ನೋಡಿದಳು. ಬಾಯಿ ತೆರೆಯಿತು. ಕೊನೆಗೆ ಬಂದ ಮಾತು:

"ನಿಮಗೆ ಚೀಲ ಬೇಕೇ?"

ಅದು ಕರುಣೆಯೋ ರೂಢಿಯೋ ನನಗೆ ಇವತ್ತಿಗೂ ತಿಳಿದಿಲ್ಲ. ಚಾಂತಿ ನನ್ನ ಉಡಿ ತೋರಿಸಿದಳು. "ಬೇಡ. ಇದೆ."

ಮಧ್ಯಾಹ್ನ ಬ್ಯಾಂಡು ಬಾರಿಸಿತು. ಅಧ್ಯಕ್ಷರು ಬರೆದುಕೊಂಡು ಬಂದದ್ದನ್ನು ಓದಿದರು, ಬಿಡುವುದಕ್ಕೆ ಧೈರ್ಯವಾಗಲಿಲ್ಲವೇನೋ. "ನಿಮ್ಮ ಮುಂದೆಯೇ ಕಾಣುತ್ತಿದೆ, ನಮ್ಮ ಅಜ್ಜಿಯಂದಿರು ಹಚ್ಚಿದ ಹಸಿರು." ಊರಿಗೆ ಊರೇ ಕೆದರಿದ ಬರಿಮಣ್ಣನ್ನು ನೋಡಿತು. ಯಾರೂ ನಗಲಿಲ್ಲ. ಒಬ್ಬರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಎಲ್ಲರಿಗಿಂತ ಜೋರಾಗಿ, ಮಡಚದ ಬೆರಳುಗಳಲ್ಲಿ ತಟ್ಟಿದವಳು ನನ್ನ ಪಕ್ಕದಲ್ಲಿ ನಿಂತಿದ್ದಳು.

"ಬೋರ್ಡಿಗೆ ನೀರು ಹಾಕ್ಲಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು. "ಬೆಳೀತದ."

ಸೋಮವಾರ ಅವಳು ಕೆಲಸಕ್ಕೆ ಹೋದಳು. ಯಾರೂ ಏನೂ ಅನ್ನಲಿಲ್ಲ. ಅಲ್ಲಿ ಯಾರೂ ಏನೂ ಅನ್ನುವುದಿಲ್ಲ, ಅದೇ ಅಲ್ಲಿಯ ತೊಂದರೆ. ನಾನು ಹೊರಡುವ ಹೊತ್ತಿಗೆ ಆ ಮಣ್ಣಿನ ಮೇಲೆ ಹುಲ್ಲು ಬಂದಿತ್ತು. ಬೋರ್ಡು ಹಾಗೆಯೇ ಇತ್ತು.

ನಿಂಬರ್ಗಾ

ದೀಪಾವಳಿ ಮುಗಿಸಿ ತವರಿಗೆ ಹೋದೆ. ಅಪ್ಪ ಹೋದ ಮೇಲೆ ಹೊಲ ಅಣ್ಣ ನೋಡುತ್ತಾನೆ. ಜೋಳದ ಕಳೆ ನಡೆದಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಹೆಂಗಸರು ಸುತ್ತಲೂ ಕೂತು, "ಅಮೆರಿಕಾದಾಗ ಏನ ನೋಡಿದ್ರಿ ಅಕ್ಕಾರ?" ಅಂದರು. ನಾನು ಚಾಂತಿಯ ಕಥೆಯನ್ನೆಲ್ಲ, ಅಧ್ಯಕ್ಷರ ದನಿ ತೆಗೆದು, ಕುಲಾವಿಯ ಬದಲು ತಲೆಗೆ ಟವೆಲು ಸುತ್ತಿಕೊಂಡು ಹೇಳಿದೆ. ಎಲ್ಲರೂ ನಕ್ಕರು, ಬೈದರು, "ಹಾಟ್ಯಾಗೋರು" ಅಂದರು. ಅಪ್ಪನ ಉಡಿಯ ಮಾತನ್ನೂ ಸೇರಿಸಿದೆ. ಅಣ್ಣ ಬದುವಿನ ಮೇಲೆ ನಿಂತು ಹೆಮ್ಮೆಯಿಂದ ಕೇಳುತ್ತಿದ್ದ.

ನಿಂಗವ್ವನ ತಲೆ ಬೆಳ್ಳಗಾಗಿತ್ತು. ಉಡಿಯಲ್ಲಿ ಆಗಲೇ ಸಬ್ಬಸಗಿ ಇತ್ತು. ಅವಳೊಬ್ಬಳು ನಗದೆ ಕೂತಿದ್ದಳು.

"ಅಕ್ಕಾರ, ಐದು ವರ್ಷ ದುಡದ್ರ ಹೊಲ ಅವ್ರದೇ ಆಗ್ತಿತ್ತಂತ?"

"ಹೂಂ ನಿಂಗವ್ವ. ಹಂಗ ಕಾಯಿದೆ ಇತ್ತಂತ."

"ನಾ ಈ ಹೊಲದಾಗ ಕಳೆ ತಗಿಲಾಕತ್ತು ಏಸು ವರ್ಷ ಆದವ್ರಿ? ನೀವಿನ್ನೂ ಹುಟ್ಟಿದ್ದಿಲ್ಲ."

ಬುತ್ತಿಯ ಮೇಲೆ ನೊಣ ಕೂತಿತು. ಯಾರೂ ಓಡಿಸಲಿಲ್ಲ. ನಾನು ಅಣ್ಣನ ಮುಖ ನೋಡಿದೆ. ಅವನು ಮುಗಿಲು ನೋಡಿದ, ಕೆಮ್ಮಿದ, ಆಮೇಲೆ ದೊಡ್ಡ ದನಿಯಲ್ಲಿ, "ಏ, ಎಲ್ಲಾರಿಗೂ ಚಾ ಕಳಸ್ರಿ!" ಎಂದು ಕೂಗಿದ.

ನಿಂಗವ್ವ ಉಡಿ ಗಟ್ಟಿ ಹಿಡಿದುಕೊಂಡು ಎದ್ದಳು.

"ಚಾ ಕುಡೀತೇನ್ರಿ ಅಣ್ಣಾರ, ಚಾ ಯಾಕ ಬ್ಯಾಡ ಅನ್ಲಿ? ಆದ್ರ ನಾ ಕೇಳಿದ್ದು ಚಾ ಅಲ್ಲ."